ಇಲ್ಲದ ತಲೆನೋವನ್ನೂ ಬರೆದುಕೊಂಡು ಹೋದವರಿಗೆ

ಮಾನ್ಯ ಸಂಶೋಧನಾ ಮುಖ್ಯಸ್ಥರೇ,

ನನ್ನ ರಕ್ತ ನಿಮ್ಮ ಬಳಿ ಇದೆ. ಅದರಲ್ಲಿ ಏನು ಸಿಕ್ಕಿತೆಂದು ನೀವು ಈವರೆಗೂ ಹೇಳದ ಕಾರಣ ನನ್ನ ಮದುವೆ ನಿಂತಿದೆ. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ನಾಲ್ಕು ಜನರೆದುರು ನಿಂತು ಮಾತಾಡಿ ರೂಢಿಯಿಲ್ಲ. ಅದಕ್ಕೇ ನಿಮ್ಮ ಕಚೇರಿಗೆ ಕಾಗದ ಬರೆದೆ, ಉತ್ತರವಿಲ್ಲ. ನಿಮಗೆ ನಮ್ಮಿಂದ ರಕ್ತ, ಮಲ ಮಾತ್ರ ಬೇಕು, ಅಕ್ಷರ ಬೇಡವೇನೋ! ಈಗ ಪತ್ರಿಕೆಗೇ ಬರೆಯುತ್ತಿದ್ದೇನೆ. ಹೆಸರು ಬಚ್ಚಿಡಬಹುದಿತ್ತು, ಆದರೆ ಬಚ್ಚಿಡುವಂಥದ್ದೇನನ್ನೂ ನೀವು ಉಳಿಸಿಲ್ಲ.

೨೦೦೩ರ ಬೇಸಿಗೆಯಲ್ಲಿ ನಿಮ್ಮ ತಂಡ ನಮ್ಮೂರು ಶಿರಗುಪ್ಪಿಯ ಚಾವಡಿಗೆ ಬಂತು. ಹೊಟ್ಟೆಯಲ್ಲಿ ಜಂತುಹುಳು ಇರುವವರಿಗೆ ಮೈಗ್ರೇನ್ ಹೆಚ್ಚೋ, ಎರಡಕ್ಕೂ ತುತ್ತಾಗುವ ಗುಣ ಒಂದೇ ವಂಶದಲ್ಲಿ ಇಳಿದು ಬರುತ್ತದೋ ಎಂದು ಹುಡುಕುತ್ತಿದ್ದೀರಂತೆ. ಒಳ್ಳೆಯ ಕೆಲಸ. ನನಗೆ ಅರೆತಲೆಶೂಲೆ ಎದ್ದರೆ ಹಂಚಿನ ಸಂದಿಯ ಬೆಳಕೂ ಕಣ್ಣಿಗೆ ಚುಚ್ಚುತ್ತದೆ, ಒಗ್ಗರಣೆಯ ವಾಸನೆಗೆ ವಾಂತಿಯಾಗುತ್ತದೆ. ಕಾರಣ ಹುಡುಕುವವರು ಬಂದರೆ ಬೇಡವೆನ್ನುವುದುಂಟೇ? ತೋಳು ಚಾಚಿದೆ.

ಆದರೆ ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ತಿಳಿದಿರಲಿಲ್ಲ. ಸರ್ಕಾರದವರು ಬಂದರೆ ಕಷ್ಟವನ್ನು ಏರಿಸಿ ಹೇಳಬೇಕು, ಬೀಗರು ಬಂದರೆ ಇಳಿಸಿ ಹೇಳಬೇಕು. ಜೀಪಿನಲ್ಲಿ ಬಂದವರೆಲ್ಲ ನಮಗೆ ಸರ್ಕಾರದವರೇ. ಆ ದಿನ ದುರದೃಷ್ಟಕ್ಕೆ ಇಬ್ಬರೂ ಒಂದೇ ಚಾವಡಿಯಲ್ಲಿದ್ದರು. ಅಪ್ಪನ ಅಕ್ಕ ಶರಣವ್ವ ನನ್ನ ಮದುವೆಯ ಮಾತಿಗೆಂದು ತಮ್ಮೂರು ಮುಗದದಿಂದ ಬಂದಿದ್ದರು. ಅವರ ಮಗ ದುರ್ಗೇಶನಿಗೆ ನಾನೇ ಎಂದು ಚಿಕ್ಕಂದಿನಲ್ಲೇ ಮಾತಾಗಿತ್ತು.

ನಿಮ್ಮ ಡಾಕ್ಟರು, "ಮನೆಯಲ್ಲಿ ಇನ್ಯಾರಿಗಿದೆ?" ಎಂದು ಕೇಳಿದರು. ಹೆಚ್ಚು ಜನರೆಂದರೆ ಹೆಚ್ಚು ಗುಳಿಗೆ ಎಂದುಕೊಂಡ ನನ್ನವ್ವ, "ಎಲ್ಲಾರಿಗೂ ಐತ್ರೀ ಸಾಹೇಬ್ರ. ನಮ್ಮ ಅತ್ತಿ, ಈಕಿ ಅಜ್ಜಿ, ಇದ ಬ್ಯಾನ್ಯಾಗ ಸತ್ತಳ್ರಿ" ಎಂದಳು. ಡಾಕ್ಟರು ಲಾಟರಿ ಹೊಡೆದವರಂತೆ, ಇಡೀ ಚಾವಡಿಗೆ ಕೇಳುವಂತೆ ಕೂಗಿದರು: "ನೋಡಿ, ವಂಶದಲ್ಲೇ ಇದೆ! ಸಂಬಂಧದಲ್ಲೇ ಮದುವೆ ಮಾಡ್ಕೊತೀರಾ?" ರಕ್ತ ಕೊಡಲು ಶರಣವ್ವ ಅತ್ತೆಯನ್ನೂ ಕರೆದಾಗ, "ನಾ ಈ ಊರಾಕಿ ಅಲ್ರಿ" ಎಂದು ಸೆರಗು ಹೊದ್ದು ಎದ್ದುಬಿಟ್ಟರು.

ಮನೆಗೆ ಬಂದೊಡನೆ ಅತ್ತೆ ಅವ್ವನ ಮೇಲೆ ಶುರುಮಾಡಿದರು. "ಏ ದುರಗವ್ವಾ, ನಮ್ಮವ್ವಗ ಎಂದ ತಲಿಬ್ಯಾನಿ ಇತ್ತು? ಆಕಿ ಹಾವು ಕಡದು ಸತ್ತಾಕಿ!"

"ಸುಳ್ಳ ಹೇಳಿದ್ನಿ ಯಕ್ಕಾ, ನಾಕು ಗುಳಿಗಿ ಸಿಗತಾವಂತ" ಎಂದಳು ಅವ್ವ.

"ಆವಾಗ ಸುಳ್ಳೋ, ಈಗ ಸುಳ್ಳೋ, ನನಗೇನ ಗೊತ್ತು? ದಾಕ್ತರ ವಂಶದಾಗ ಐತಿ ಅಂದಾನ. ನಮ್ಮ ಮನಿಗೆ ಅಂಥಾ ರಕ್ತ ಬ್ಯಾಡ."

"ಹಂಗಾರ ನೀ ಯಾರ ಹೊಟ್ಟ್ಯಾಗ ಹುಟ್ಟೀದಿ? ಜಾಲಿ ಗಿಡದಿಂದ ಉದರೀದಿಯೇನು?"

ಅತ್ತೆ ಚಹಾ ಕುಡಿಯದೆ ಬಸ್ಸು ಹತ್ತಿದರು.

ಮಾನ್ಯರೇ, ರಕ್ತ ಇನ್ನೂ ಸೀಸೆಯಲ್ಲಿ ಬೆಚ್ಚಗಿರುವಾಗಲೇ ವಂಶದ ತೀರ್ಪು ಹೇಳಬಹುದೇ? ಇದು ಯಾವ ವಿಜ್ಞಾನ? ಹಾವು ಕಚ್ಚಿ ಸತ್ತ ನನ್ನಜ್ಜಿ ನಿಮ್ಮ ಸಂಶೋಧನೆಯಲ್ಲಿ ಇಂದಿಗೂ ತಲೆ ಹಿಡಿದುಕೊಂಡು ನರಳುತ್ತಿದ್ದಾಳೆ. ಊರೂರಲ್ಲಿ ಇಂಥ ಎಷ್ಟು ಅಜ್ಜಿಯರನ್ನು ಕೂಡಿಸಿಕೊಂಡಿದ್ದೀರೋ! ತಪ್ಪು ಅವ್ವನದು, ಒಪ್ಪುತ್ತೇನೆ. ಆದರೆ ಅವಳು ಸುಳ್ಳು ಹೇಳಿದ್ದು ಗುಳಿಗೆಗಾಗಿ. ನೀವು ವಿಚಾರಿಸದೆ ನಂಬಿದ್ದು ಯಾವುದಕ್ಕಾಗಿ? ನಮಗೆ ಸಿಕ್ಕಿದ್ದು ತಲಾ ಒಂದು ಜಂತಿನ ಗುಳಿಗೆ. ಅದರಿಂದ ಹುಳು ಹೋದವೋ ಇಲ್ಲವೋ ಗೊತ್ತಿಲ್ಲ, ಬೀಗರಂತೂ ಹೋದರು.

ದುರ್ಗೇಶ ಒಮ್ಮೆ ಬಂದಿದ್ದ. ಹೊಸ್ತಿಲ ಹೊರಗೇ ನಿಂತು, "ನಿನಗ ತಲಿ ನೋವಾದ ದಿನ ನಾ ಅಡಗಿ ಮಾಡತೇನಿ. ಆದ್ರ ನಮ್ಮವ್ವಗ ತಿಳಿಸಿ ಹೇಳವ್ರು ಯಾರು?" ಎಂದ. ಅದಕ್ಕೆ ಉತ್ತರ ನನಗೆ ಈಗ ಹೊಳೆದಿದೆ: ನೀವು. ಅವನ ಮಾತು ಅತ್ತೆ ಕೇಳುವುದಿಲ್ಲ, ನನ್ನದಂತೂ ಇಲ್ಲವೇ ಇಲ್ಲ. ಡಾಕ್ಟರು ಕಟ್ಟಿದ ಗಂಟನ್ನು ಡಾಕ್ಟರೇ ಬಿಚ್ಚಬೇಕು. ಅತ್ತೆ ಆಗಲೇ ಬೇರೆ ಕಡೆ ಹೆಣ್ಣು ನೋಡುತ್ತಿದ್ದಾರೆ.

ಆದ್ದರಿಂದ ಈ ತಿಂಗಳೊಳಗೆ ಮುಗದಕ್ಕೆ ನಿಮ್ಮವರೊಬ್ಬರನ್ನು ಕಳಿಸಿ. ನನ್ನ ತಲೆನೋವು ಹುಳುವಿನಿಂದಲೋ, ವಂಶದಿಂದಲೋ, ಎರಡರಿಂದಲೋ ತಿಳಿದಿದ್ದರೆ ಅತ್ತೆಯ ಎದುರು ಕೂತು ಬಿಡಿಸಿ ಹೇಳಲಿ. ತಿಳಿದಿಲ್ಲವಾದರೆ, "ನಮಗೆ ಇನ್ನೂ ಗೊತ್ತಿಲ್ಲ" ಎನ್ನಲಿ. ಆದರೆ ಅಂದು ಕೂಗಿದಷ್ಟೇ ಗಟ್ಟಿಯಾಗಿ.

ಇಂತಿ,
ತಲೆ ಸಿಡಿಯುತ್ತಿದ್ದರೂ ಬಂದವರಿಗೆ ನಗುತ್ತ ಚಹಾ ಕೊಡುವುದನ್ನು ಕಲಿತಿರುವ
ದ್ರಾಕ್ಷಾಯಿಣಿ, ಶಿರಗುಪ್ಪಿ