ಒಂದು ಬೀಜದ ಜಪಾನ್

೨೧ ನವೆಂಬರ್ ೧೯೭೪, ಗುರುವಾರ

ಸುರಯ್ಯಾಳ ನೋಟ್‌ಬುಕ್ಕಿನಲ್ಲಿ ನಾನು ಎಳೆದ ಕೆಂಪು ಗೀಟು ಕಣ್ಣಿಂದ ಹೋಗುತ್ತಿಲ್ಲ. ‘ಭಾರತ, ಜಪಾನ್ ಎರಡೂ ಒಂದೇ ಅಳತೆ’ ಎಂದು ಬರೆದಿದ್ದಳು. ಅಟ್ಲಾಸಿನಲ್ಲಿ ಎರಡಕ್ಕೂ ಒಂದೊಂದು ಪೂರ್ತಿ ಪುಟ. ಮಗು ನಕ್ಷೆಯ ಕೆಳಗಿನ ಸ್ಕೇಲ್ ನೋಡಿಲ್ಲ, ಅಷ್ಟೇ. “ಏಳನೇ ಕ್ಲಾಸಿಗೆ ಬಂದು ಇಷ್ಟೂ ಗೊತ್ತಾಗಲ್ವೇನೇ?” ಎಂದು ಎಲ್ಲರ ಮುಂದೆ ಗದರಿಬಿಟ್ಟೆ. ಅವಳು ಅಳಲಿಲ್ಲ. ತಲೆ ತಗ್ಗಿಸಿ ಕೂತಳು.

ಹದಿಮೂರು ವರ್ಷದ ಹಿಂದೆ, ಇದೇ ಹಲಸೂರಿನ ಶಾಲೆಯಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಸನಾವುಲ್ಲಾ ಮೇಷ್ಟ್ರು ಬೈಯಲಿಲ್ಲ. ಕ್ಲಾಸನ್ನೆಲ್ಲ ಬಿನ್ನಮಂಗಲದ ರಾಗಿ ಹೊಲದ ಬದುವಿಗೆ ಕರೆದೊಯ್ದು, ಕೋಟಿನ ಜೇಬಿನಿಂದ ಹುರಿದ ಕಡಲೆಕಾಯಿ ತೆಗೆದು ಸುಲಿದರು. ಕರ್ಚೀಫಿನ ಮೇಲೆ ಒಂಬತ್ತು ಬೀಜ ಭಾರತ, ಒಂದು ಬೀಜ ಜಪಾನ್.

“ನೋಡು ಬೇಟಿ, ನಮ್ದು ಹತ್ರಹತ್ರ ಅರ್ಧ ಉಳೋ ಭೂಮಿ. ಅವರದ್ದು ಬರೀ ಬೆಟ್ಟ, ಕಾಡು.” ಜಪಾನಿನ ತುದಿಯನ್ನು ಉಗುರಿನಿಂದ ಚಿವುಟಿದರು. “ಬೆಳೆಯೋಕೆ ಇಷ್ಟೇ ಜಾಗ.”

ಆಮೇಲೆ ಹತ್ತೂ ಬೀಜ ನನ್ನ ಅಂಗೈಗೆ ಹಾಕಿದರು. “ತಿಂದ್ಬಿಡು. ಇನ್ನು ಮರೆಯಲ್ಲ.”

ಮರೆತಿಲ್ಲ, ಮೇಷ್ಟ್ರೇ. ನೀವು ಬೈಯದೇ ಇದ್ದದ್ದನ್ನು ಮಾತ್ರ ಹೇಗೆ ಮರೆತೆನೋ. ಆ ಹೊಲ ಈಗ ಇಂದಿರಾನಗರದ ಸೈಟುಗಳು. ನಾವು ಕೂತಿದ್ದ ಬದುವಿನಲ್ಲಿ ನಂಬರು ಬರೆದ ಕಲ್ಲು ನೆಟ್ಟಿದ್ದಾರೆ.

ಸಂಜೆ ಬರುವಾಗ ಬಜಾರಿನಲ್ಲಿ ಒಂದು ಪೊಟ್ಟಣ ಕಡಲೆಕಾಯಿ ಕೊಂಡೆ. ಇದನ್ನು ಬರೆಯುತ್ತ ಒಂದೊಂದೇ ತಿಂದುಬಿಟ್ಟಿದ್ದೇನೆ. ಉಳಿದದ್ದು ಸುಲಿದರೆ ಹತ್ತು ಬೀಜ. ಭಾರತಕ್ಕೂ ಜಪಾನಿಗೂ ಸಾಕು. ನಾಳೆ ಸುರಯ್ಯಾ ಕೈ ಚಾಚಿದರೆ…