ಯಾವ ಆತ್ಮ, ಪಾಸ್ಟರ್?

ಅಪ್ಪಾ,

ನೀವು ಹೋದ ಮೇಲೂ ನಾವು ಅದೇ ಸಭೆಗೆ ಹೋಗುತ್ತಿದ್ದೇವೆ. ಇವತ್ತು ಪಾಸ್ಟರ್ ಅಮ್ಮನ ತಲೆಯ ಮೇಲೆ ಕೈಯಿಟ್ಟು, "ಸಕ್ಕರೆ ಕಾಯಿಲೆ ವಾಸಿಯಾಯ್ತು, ಇಂಜೆಕ್ಷನ್ ನಿಲ್ಲಿಸಿ ಅಂತ ಆತ್ಮ ಹೇಳ್ತಿದೆ" ಅಂದರು. ನಾನು ಎದ್ದು ನಿಂತೆ.

"ಯಾವ ಆತ್ಮ, ಪಾಸ್ಟರ್?"

"ದೇವರನ್ನೇ ಪರೀಕ್ಷೆ ಮಾಡ್ತೀಯೇನಮ್ಮ?"

"ದೇವರನ್ನಲ್ಲ, ನಿಮ್ಮನ್ನ. ಆತ್ಮಗಳನ್ನ ಪರೀಕ್ಷಿಸದೆ ನಂಬಬೇಡಿ ಅಂತ ಬೈಬಲಲ್ಲಿ ಯೋಹಾನನೇ ಬರೆದಿದ್ದಾನೆ."

ಸತ್ಯವೇದ ತೆರೆದು ಆ ಭಾಗವನ್ನು ಗಟ್ಟಿಯಾಗಿ ಓದಿದೆ. ಯಾರೂ ಆಮೆನ್ ಅನ್ನಲಿಲ್ಲ. ಅಮ್ಮ ಮಾತ್ರ ಕುರ್ಚಿಯಿಂದ ಎದ್ದು, "ನಡಿ ಮಗಳೇ, ಇಂಜೆಕ್ಷನ್‌ಗೆ ಹೊತ್ತಾಯ್ತು" ಅಂದಳು.

ಹೃದಯದ ಮಾತ್ರೆ ಬಿಡಿ ಎಂದು ನಿಮ್ಮ ತಲೆಯ ಮೇಲೂ ಅವರು ಹೀಗೇ ಕೈಯಿಟ್ಟಿದ್ದರು. ಆ ದಿನವೂ ಸತ್ಯವೇದ ನನ್ನ ಮಡಿಲಲ್ಲೇ ಇತ್ತು, ಅಪ್ಪಾ.

ಮುಂದಿನ ಭಾನುವಾರ ಮೊದಲ ಸಾಲಿನಲ್ಲೇ ಕೂರುತ್ತೇನೆ. ಹೊರಗೆ ಹಾಕುವುದಾದರೆ ಸತ್ಯವೇದದ ವಾಕ್ಯ ತೋರಿಸಿ ಹಾಕಲಿ.