ದೊರೆಯ ಸಾಲ, ನನ್ನ ರುಜು

ಜನವರಿ 9

ಕೆಳದವಡೆಯ ಹಲ್ಲಿನ ಸೆಟ್ಟು ಮತ್ತೆ ವಾಪಸ್. ಡಾಕ್ಟರು ಚೀಟಿ ಅಂಟಿಸಿದ್ದಾರೆ: "ಎತ್ತರ ಜಾಸ್ತಿ, ಕಚ್ಚಿದರೆ ತಾಗುತ್ತದೆ." ಅಳತೆ ತೆಗೆಯುವಾಗ ಅವಸರ ಮಾಡಿದ್ದು ಅವರು. ಬೈಗುಳ ಮಾತ್ರ ನಮ್ಮ ಲ್ಯಾಬಿಗೆ.

ಅದನ್ನೇ ಉಜ್ಜುತ್ತ ಕೂತಿದ್ದಾಗ ಫೋನ್. ಬ್ಯಾಂಕಿನಿಂದಂತೆ. ಬಹಳ ನಯವಾದ ದನಿ. "ನಿಮ್ಮ ಸ್ನೇಹಿತರು ಫೋನ್ ಎತ್ತುತ್ತಾ ಇಲ್ಲ ಸಾರ್. ನೀವೇ ಸ್ವಲ್ಪ ಹೇಳಿ."

ಯಾವ ಸ್ನೇಹಿತ ಎಂದು ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ... ದೊರೆಯೇ. ಪ್ರಿಂಟಿಂಗ್ ಪ್ರೆಸ್ಸಿಗೆ ನಾಲ್ಕು ಬಣ್ಣದ ಮಷೀನ್ ತರಲು ಹೋದ ವರ್ಷ ಸಾಲ ತೆಗೆದ. ಜಾಮೀನು ನಾನು. ಶಾಲೆಯಿಂದಲೂ ಅವನಿಗೆ ಅದೇ ಹೆಸರು. ಜೇಬಿನಲ್ಲಿ ಇರಲಿ ಬಿಡಲಿ, ಎಲ್ಲರ ಚಹಾದ ಬಿಲ್ಲು ಅವನದೇ. ಹಲ್ಲು ಮಾಡುವವನೆಂದು ನನಗೆ ಹಲ್ಲಪ್ಪ ಎಂದು ಹೆಸರಿಟ್ಟವನೂ ಅವನೇ.

ನಾನು ಫೋನ್ ಮಾಡಿದ ಕೂಡಲೇ ಎತ್ತಿದ. "ಅಯ್ಯೋ ಹಲ್ಲಪ್ಪ, ಅವರ ಕಂಪ್ಯೂಟರಲ್ಲೇ ಏನೋ ಗಡಿಬಿಡಿ ಕಣೋ. ನೀನು ತಲೆ ಕೆಡಿಸ್ಕೋಬೇಡ."

ಸರಿ. ಆದರೆ ನನ್ನ ಫೋನ್ ಎತ್ತುವವನಿಗೆ ಬ್ಯಾಂಕಿನದ್ದು ಕೇಳಿಸುವುದಿಲ್ಲವೇ?

ಜನವರಿ 11

ನಯವಾದ ದನಿ ಮತ್ತೆ. ಈ ಸಲ "ನೀವೇ ಹೇಳಿ" ಇಲ್ಲ. "ನೀವೇ ನೋಡ್ಕೊಳ್ಳಿ."

ಹೆಂಡತಿಗೆ ಗೊತ್ತಿಲ್ಲ. ರುಜು ಹಾಕಿದ ದಿನ ಆಸ್ಪತ್ರೆಯಲ್ಲಿ ಅವಳ ಡ್ಯೂಟಿ ಇತ್ತು. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಬಂತು, ಹೋಯಿತು. ಆಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ. ದಿನ ಕಳೆದಂತೆ ಆ ಪ್ರಶ್ನೆಯೇ ದೊಡ್ಡದಾಯಿತು.

ಜನವರಿ 24, ಮಧ್ಯಾಹ್ನ

ಊಟದ ಬಿಡುವಿನಲ್ಲಿ ಪ್ರೆಸ್ಸಿಗೆ ಹೋಗಿದ್ದೆ. ಮುಂಚೆ ತಿಳಿಸಲಿಲ್ಲ, ಬೇಕೆಂದೇ. ಬೀಗ ಬಿದ್ದಿರುತ್ತದೆ ಎಂದುಕೊಂಡಿದ್ದೆ. ಇಲ್ಲ. ಮಷೀನ್ ದಡದಡ ಓಡುತ್ತಿದೆ. ಔಷಧಿ ಬಾಟಲಿಯ ಲೇಬಲ್‌ಗಳು, ಕಟ್ಟುಗಟ್ಟಲೆ. ಇಂಕಿನ ವಾಸನೆ, ಮೂಗಿಗೆ ಅಡರುವಷ್ಟು. ಇಬ್ಬರು ಕೆಲಸಗಾರರಿಗೂ ಪುರುಸೊತ್ತಿಲ್ಲ.

ದೊರೆ ತೋಳು ಚಾಚಿಕೊಂಡೇ ಬಂದ. "ಬಾರೋ ಹಲ್ಲಪ್ಪ! ನಿನ್ನ ದಯೆಯಿಂದ ನೋಡು, ಕೂರೋಕೂ ಟೈಮಿಲ್ಲ."

ವ್ಯಾಪಾರ ಕೆಟ್ಟಿದ್ದರೆ ಅರ್ಥವಾಗುತ್ತಿತ್ತು. ಇಷ್ಟು ಚೆನ್ನಾಗಿದ್ದರೆ ಕಂತು ಯಾಕೆ ಕಟ್ಟುತ್ತಿಲ್ಲ? ಕೇಳಬೇಕೆಂದೇ ಹೋದವನು ಚಹಾ ಕುಡಿದು ಬಂದೆ. ಅವನ ಕಾಲಲ್ಲಿ ಹೊಸ ಶೂ. ಕಂದು ಬಣ್ಣ, ಒಳ್ಳೆಯ ಚರ್ಮ. ದಾರಿಯುದ್ದಕ್ಕೂ ಆ ಶೂಗಳೇ ಕಣ್ಣ ಮುಂದೆ. ನಾಚಿಕೆಯೂ ಆಯಿತು. ಗೆಳೆಯನ ಕಾಲು ನೋಡಿ ಲೆಕ್ಕ ಹಾಕುವ ಮನುಷ್ಯನಾದೆನೇ ನಾನು?

ಆದರೂ... ಒಳ್ಳೆಯ ಚರ್ಮವೇ.

ಫೆಬ್ರವರಿ 3

ಮನೆ ಮಾಲೀಕರು ಬಂದಿದ್ದರು. ಮಗಳ ಊರಿಗೆ ಹೋಗಿ ನೆಲೆಸುತ್ತಾರಂತೆ, ಈ ಮನೆ ಮಾರುತ್ತಾರಂತೆ. "ನೀವು ಮನೇನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದೀರಿ. ಮೊದಲು ನಿಮ್ಮನ್ನೇ ಕೇಳ್ತಿದೀನಿ," ಎಂದರು. ಹೆಚ್ಚು ಬೆಲೆಯನ್ನೂ ಹೇಳಲಿಲ್ಲ. 

ಅವರು ಮೆಟ್ಟಿಲಿಳಿಯುವುದನ್ನೂ ಕಾಯದೆ ಹೆಂಡತಿ ಅಡುಗೆಮನೆಯ ಗೋಡೆ ತಟ್ಟಿ ನೋಡಿದಳು. "ರೀ, ಇದನ್ನ ಒಡೆಸಿ ಒಂದು ಕಿಟಕಿ ಇಡ್ಸೋಣ." ಮದುವೆಯಾದಾಗಿನಿಂದ ಅವಳು ಗೋಡೆಗೆ ಒಂದು ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಿದವಳು.

ಸಾಲಕ್ಕೆ ಅರ್ಜಿ ಹಾಕುತ್ತೇನೆ ಎಂದೆ.

ಫೆಬ್ರವರಿ 16

ಆಗಲಿಲ್ಲ.

ಮ್ಯಾನೇಜರ್ ಮೇಡಂ ಒಳ್ಳೆಯವರು. ಕೂರಿಸಿ, ನೀರು ಕೊಡಿಸಿ, ಆಮೇಲೆ ಹೇಳಿದರು. ದೊರೆಯ ಕಂತುಗಳು ಬಾಕಿ. ಆ ಬಾಕಿ ನನ್ನ ಹೆಸರಿನಲ್ಲೂ ಕಾಣುತ್ತದೆ. ಹಾಗಾಗಿ ನನಗೆ ಮನೆ ಸಾಲ ಸಿಗುವುದಿಲ್ಲ.

"ಮೇಡಂ, ನಾನು ಬರೀ ಸಾಕ್ಷಿ ಥರ..."

"ಎಲ್ಲರೂ ಹೀಗೇ ಅಂದ್ಕೋತಾರೆ ಸಾರ್. ಸಾಕ್ಷಿ ಅಲ್ಲ. ಅವರು ಕಟ್ಟದಿದ್ರೆ ನೀವು ಕಟ್ಟಬೇಕು. ಮೊದಲು ಅವರ ಹತ್ರ ವಸೂಲಿ ಮಾಡಿ, ಆಮೇಲೆ ನನ್ನ ಹತ್ರ ಬನ್ನಿ ಅನ್ನೋ ಹಾಗೂ ಇಲ್ಲ."

"ನನ್ನ ಹೆಸರು ತೆಗೆಸಬಹುದಾ?"

"ಅವರು ಬೇರೆ ಜಾಮೀನುದಾರರನ್ನ ತಂದ್ರೆ ನೋಡಬಹುದು. ಈಗ ಈ ಸಾಲಕ್ಕೆ ಯಾರು ಬರ್ತಾರೆ ಹೇಳಿ?"

ನನ್ನಂಥವನು ಎಂದು ಹೇಳಬೇಕೆನಿಸಿತು.

ಮನೆಗೆ ಬಂದು, ಕಾಗದಪತ್ರ ಪರಿಶೀಲನೆಯಲ್ಲಿದೆ ಎಂದೆ. ಹೆಂಡತಿ ತಲೆಯಾಡಿಸಿದಳು. ನಂಬಿ ಆಡಿಸಿದಳೋ, ಸುಮ್ಮನೆ ಆಡಿಸಿದಳೋ.

ಫೆಬ್ರವರಿ 27, ಬೆಳಗ್ಗೆ

ಸಿಕ್ಕಿಬಿದ್ದೆ. ಫೋನ್ ಬಂದಾಗಲೆಲ್ಲ ಬಾಲ್ಕನಿಗೆ ಹೋಗುತ್ತಿದ್ದೆನಲ್ಲ... ಇವತ್ತು ಒಳಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಾಳೆ, ಡ್ಯೂಟಿಯ ಬಟ್ಟೆಯಲ್ಲಿ.

"ಯಾರು ಅವಳು?"

ಮೊದಲು ತಿಳಿಯಲಿಲ್ಲ. ತಿಳಿದಾಗ ನಗು ಬಂತು. ನಕ್ಕಿದ್ದು ತಪ್ಪಾಯಿತು. ಎಲ್ಲ ಹೇಳಿದೆ: ದೊರೆ, ಮಷೀನ್, ರುಜು, ಬ್ಯಾಂಕು, ನಮಗೆ ಸಾಲ ಇಲ್ಲ ಎಂಬುದು. ಅವಳು ಕುರ್ಚಿ ಎಳೆದು ಕೂತಳು.

"ಅವಳಾಗಿದ್ರೇ ವಾಸಿಯಿತ್ತು," ಎಂದಳು. "ಕೂದಲು ಹಿಡಿದು ಜಗಳ ಆದ್ರೂ ಆಡ್ಬಹುದಿತ್ತು."

ಹೊರಡುವಾಗ ತಿರುಗಿ ನೋಡಿದಳು. "ಇನ್ನೂ ಏನಾದ್ರೂ ಇದೆಯಾ, ಹೇಳದೇ ಇರೋದು?"

ಇಲ್ಲ ಎಂದೆ. ಅವಳು ನಂಬಲಿಲ್ಲ. ನಂಬಲು ನಾನು ಕಾರಣವನ್ನೇ ಉಳಿಸಿರಲಿಲ್ಲ.

ಮಾರ್ಚ್ 6

ಮಾಲೀಕರು ಮಾಸಾಂತ್ಯದವರೆಗೆ ಕಾಯುತ್ತಾರಂತೆ. ಅಷ್ಟರೊಳಗೆ ದೊರೆ ಬಾಕಿ ತೀರಿಸಿದರೆ ಅರ್ಜಿ ಮತ್ತೆ ನೋಡುತ್ತೇವೆ ಎಂದಿದ್ದಾರೆ ಮೇಡಂ. ದೊರೆ ಈಗ ನನ್ನ ಫೋನನ್ನೂ ಎತ್ತುತ್ತಿಲ್ಲ.

ಹಾಗಾದರೆ ದುಡ್ಡು ಎಲ್ಲಿಗೆ ಹೋಗುತ್ತಿದೆ? ಜೂಜೇ? ಬೇರೊಂದು ಸಂಸಾರವೇ? ಅಥವಾ ಎಲ್ಲಾದರೂ ಕೂಡಿಟ್ಟು, ಒಂದು ದಿನ ಮಷೀನ್ ಸಮೇತ ಮಾಯವಾಗುವ ಉಪಾಯವೇ? ಸ್ನಾನ ಮಾಡುವಾಗ ಇದೇ, ಹಲ್ಲು ಉಜ್ಜುವಾಗ ಇದೇ. ತರಕಾರಿಯವಳು ಕೊಟ್ಟ ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿದೆ. ಸರಿಯಾಗಿಯೇ ಇತ್ತು. ಅವಳಿಗೆ ಬೇಜಾರಾಯಿತು.

ಮಾರ್ಚ್ 13

ಅರ್ಧ ದಿನ ರಜೆ ಹಾಕಿ ಹಿಂಬಾಲಿಸಿದೆ. ಹೌದು, ಹಿಂಬಾಲಿಸಿದೆ. ಹೆಲ್ಮೆಟ್ ತೆಗೆಯಲಿಲ್ಲ.

ದೊರೆ ಪ್ರೆಸ್ಸಿನಿಂದ ಹೊರಟವನು ನೇರ ಬಸ್ ನಿಲ್ದಾಣದ ಹಿಂದಿನ ಬೀದಿಗೆ. ಮಹಡಿಯ ಮೇಲೊಂದು ಆಫೀಸು, ಹೊರಗೆ ಬೋರ್ಡಿಲ್ಲ. ಒಳಗೆ ಹೋದ. ಹೊರಗೆ ಬಂದಾಗ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಮೆಟ್ಟಿಲ ಬುಡದಲ್ಲಿ ನನ್ನನ್ನು ನೋಡಿದ. ಓಡುತ್ತಾನೆ ಎಂದುಕೊಂಡೆ. ಮೆಟ್ಟಿಲ ಮೇಲೇ ಕುಸಿದು ಕೂತ.

"ನಾನೂ ಒಬ್ಬನಿಗೆ ಜಾಮೀನು ನಿಂತಿದೀನಿ ಕಣೋ."

ಅವನ ಹೆಂಡತಿಯ ತಮ್ಮ, ಟೈರ್ ಅಂಗಡಿಯವನು. ಇಲ್ಲಿ, ಈ ಬಡ್ಡಿಯವರ ಹತ್ತಿರ ಸಾಲ ತೆಗೆದು ಕೈ ಎತ್ತಿದ್ದಾನೆ. ಮನೆಯಲ್ಲಿ ಹೆಂಡತಿಯ ಕಣ್ಣೀರು, ಇಲ್ಲ ಎನ್ನಲಾಗದೆ ಇವನು ರುಜು ಹಾಕಿದ್ದ. ಪ್ರೆಸ್ಸಿನಲ್ಲಿ ದುಡಿದದ್ದೆಲ್ಲ ಇಲ್ಲಿಗೇ ಬಂದು ಬೀಳುತ್ತಿದೆ.

"ಬ್ಯಾಂಕಿಗೆ ಯಾಕೆ ಕಟ್ಲಿಲ್ಲ? ಅಲ್ಲಿ ನನ್ನ ಕುತ್ತಿಗೆ ಇತ್ತಲ್ಲೋ!"

ತನ್ನ ಶೂ ನೋಡಿಕೊಂಡ.

"ಇವರು ಪ್ರೆಸ್ಸಿಗೆ ಬಂದು ಕೂರ್ತಾರೆ ಹಲ್ಲಪ್ಪ. ಕೆಲಸದವರ ಮುಂದೆ ಬಯ್ತಾರೆ. ನೀನು ಹಾಗೆ ಮಾಡಲ್ಲ. ನೀನು ಚಹಾ ಕುಡಿದು ಹೋಗ್ತೀಯ."

ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಾನು ಒಳ್ಳೆಯವನು, ಅದಕ್ಕೇ ಕೊನೆಯ ಸಾಲಿನಲ್ಲಿ ನಿಲ್ಲಿಸಿದ್ದಾನೆ.

ಮಾರ್ಚ್ 14

ಸುಳ್ಳಿರಬಹುದೇ? ಟೈರ್ ಅಂಗಡಿ ಇರುವುದಾದರೂ ನಿಜವೇ? ಹೋಗಿ ನೋಡಿ ಬಂದೆ. ಇದೆ. ಭಾವಮೈದನೂ ಇದ್ದಾನೆ. ದಪ್ಪಗೆ, ನಗುನಗುತ್ತಾ, ಗಿರಾಕಿಯೊಬ್ಬರಿಗೆ ಕುರ್ಚಿ ಒರೆಸಿ ಕೊಡುತ್ತಿದ್ದ.

ಮಾರ್ಚ್ 31

ಮಾಲೀಕರು ಬೇರೆಯವರಿಂದ ಮುಂಗಡ ತೆಗೆದುಕೊಂಡರು. ನನ್ನೆದುರು ತಲೆ ತಗ್ಗಿಸಿದ್ದು ಅವರು. ತಪ್ಪು ಅವರದ್ದೆಂಬ ಹಾಗೆ.

ಹೆಂಡತಿ ಅಡುಗೆಮನೆಯ ಗೋಡೆಗೆ ಒರಗಿ ಚಹಾ ಕುಡಿದಳು. ಬಯ್ದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 18

ನಾನೂ ಹೋಗಿ ಕೂತೆ. ಪ್ರೆಸ್ಸಿನಲ್ಲಿ, ಬಾಗಿಲ ಎದುರಿನ ಸ್ಟೂಲಿನ ಮೇಲೆ. ಚಹಾ ಬೇಡ ಎಂದೆ.

ಹೆಂಡತಿಯದೇ ಉಪಾಯ. "ಕೂರೋರಿಗೆ ಕೊಡ್ತಾರೆ ಅಂದ್ರೆ ಕೂತ್ಕೊಳ್ಳಿ," ಎಂದಿದ್ದಳು. ರಜೆಯಿದ್ದ ದಿನವೆಲ್ಲ ಕೂತೆ. ಮೊದಲ ದಿನ ದೊರೆ ನಕ್ಕ. ಎರಡನೆಯ ದಿನ ಕೋಪಿಸಿಕೊಂಡ. ಇವತ್ತು ಮಷೀನ್ ನಿಲ್ಲಿಸಿ, ಕೈಯ ಇಂಕು ಒರೆಸಿಕೊಂಡು ಎದುರಿಗೆ ಬಂದು ನಿಂತ.

"ಮಷೀನ್ ಮಾರ್ಬಿಡ್ತೀನಿ ಕಣೋ. ಬಾ, ಬ್ಯಾಂಕಿಗೆ ಹೋಗೋಣ."

ಗೆದ್ದೆ ಎನಿಸಬೇಕಿತ್ತು. ಅವನು ಮಷೀನಿನ ಮೇಲೆ ಹೊದಿಕೆ ಎಳೆದ ರೀತಿ ನೋಡಿ ಹೊರಗೆ ಬಂದು ನಿಂತೆ.

ಮೇ 30

ಬ್ಯಾಂಕಿನ ಒಪ್ಪಿಗೆಯ ಮೇಲೆ ಮಷೀನ್ ಹೋಯಿತು. ಬಂದ ದುಡ್ಡು ಸಾಲಕ್ಕೆ ಸಾಲಲಿಲ್ಲ. ಉಳಿದದ್ದನ್ನು ಇಬ್ಬರೂ ಅರ್ಧರ್ಧ, ತಿಂಗಳು ತಿಂಗಳು. ನನ್ನ ಅರ್ಧ ಯಾಕೆ ಎಂದು ಮೇಡಂ ಕೇಳಲಿಲ್ಲ, ದೊರೆಯೂ ಕೇಳಲಿಲ್ಲ. ಈ ಸಲ ರುಜುವಿಗೆ ಮೊದಲು ಕಾಗದ ಪೂರಾ ಓದಿದೆ, ಅರ್ಥವಾಗದ್ದನ್ನು ಕೇಳಿ ತಿಳಿದೆ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಗೊಣಗಲಿ.

ನಾವು ಮನೆ ಬದಲಾಯಿಸಿದೆವು. ಇದು ಚಿಕ್ಕದು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಹೆಂಡತಿ ಪರದೆ ಹಾಕಿದ್ದಾಳೆ.

ಸೆಪ್ಟೆಂಬರ್ 14, ಸಂಜೆ

ಮಧ್ಯಾಹ್ನ ದೊರೆ ಲ್ಯಾಬಿಗೆ ಬಂದಿದ್ದ. ಈಗ ಬೇರೆಯವರ ಪ್ರೆಸ್ಸಿನಲ್ಲಿ ಆಪರೇಟರ್. ತೆಳ್ಳಗಾಗಿದ್ದಾನೆ. ಬಾಗಿಲಲ್ಲೇ ಶುರು ಮಾಡಿದ, ಬಹುಮಾನ ಬಂದವನ ಮುಖ ಮಾಡಿಕೊಂಡು.

"ಇವತ್ತು ಇಲ್ಲ ಅಂದೆ ಕಣೋ, ಹಲ್ಲಪ್ಪ!"

ಭಾವಮೈದ ವ್ಯಾನ್ ತೆಗೆದುಕೊಳ್ಳುತ್ತಾನಂತೆ. ಮತ್ತೆ ಜಾಮೀನಿಗೆ ಬಂದಿದ್ದನಂತೆ.

"ನಮ್ಮವಳು ಅಡುಗೆಮನೆಯಿಂದ ಕಣ್ಣು ಬಿಡ್ತಿದ್ಳು. ಆದ್ರೂ ಅಂದೆ. ಆಗಲ್ಲಪ್ಪ, ಕ್ಷಮಿಸು ಅಂದೆ. ನಮ್ಮನೇಲಿ ಈಗ ಮಾತಿಲ್ಲ ಕತೆಯಿಲ್ಲ!" ಎಂದು ಜೋರಾಗಿ ನಕ್ಕ. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿದೆ.

ಕೈ ಹಿಡಿದು ಕುಲುಕಿದೆ. ಒಳ್ಳೇದಾಯ್ತು ಎಂದೆ. ಮನಸಾರೆ ಎಂದೆ. ಹೋದ.

ಹೋದ ಮೇಲೆ ಶುರುವಾಯಿತು. ಅದನ್ನು ಹೇಳಲೆಂದೇ ಊಟ ಬಿಟ್ಟು ಬಂದನೇ? ಈ ತಿಂಗಳ ಅವನ ಪಾಲು ಇನ್ನೂ ಬ್ಯಾಂಕಿಗೆ ಬಿದ್ದಿಲ್ಲ. ಹೋದ ತಿಂಗಳು ಇಷ್ಟರೊಳಗೆ ಬಿದ್ದಿತ್ತು. ಇಲ್ಲ ಎಂದವನು ಅಷ್ಟು ಖುಷಿಯಾಗಿರುತ್ತಾನೆಯೇ? ರುಜು ಹಾಕಿಯೇ ಬಂದಿದ್ದರೆ? ನಾನು ಎಲ್ಲಿಂದಾದರೂ ಕೇಳಿಸಿಕೊಳ್ಳುವ ಮೊದಲೇ ಬಾಯಿ ಮುಚ್ಚಿಸಲು...

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಡ್ಯೂಟಿಗೆ ಹೊರಟಿದ್ದಳು. ಚಪ್ಪಲಿ ಮೆಟ್ಟುತ್ತಿದ್ದವಳು ನಿಂತಳು.

"ರೀ. ಒಂದು ಸಲ ಅವರನ್ನ ನಂಬಿಬಿಡಿ. ಅವರಿಗೋಸ್ಕರ ಅಲ್ಲ. ನಿಮಗೆ ನಿದ್ದೆ ಬರ್ಲಿ ಅಂತ."

ಆಯ್ತು ಎಂದೆ. ಅವಳು ಹೋದಳು. ಬೀದಿ ತಿರುಗುವವರೆಗೂ ಬಾಗಿಲಲ್ಲಿ ನಿಂತು ನೋಡಿದೆ.

ಟೈರ್ ಅಂಗಡಿಯ ನಂಬರ್ ಹುಡುಕುವುದು ಏನೂ ಕಷ್ಟವಾಗಲಿಲ್ಲ. ಇಲ್ಲೇ ಮುಂದಿದೆ. ಅನುಮಾನ ಎಂದಲ್ಲ. ಸ್ಕೂಟರಿನ ಹಿಂದಿನ ಟೈರ್ ಹೇಗೂ ಸವೆದಿದೆ. ರೇಟು ಕೇಳುವ ಹಾಗೆ ಕೇಳಿ, ಮಾತಿನ ನಡುವೆ, ಹೊಸ ವ್ಯಾನ್ ಬಂತಂತಲ್ಲ, ಜಾಮೀನು ಯಾರು ಹಾಕಿದರು ಅಂತ—